ನಿಂತು ಓದಿದ ಎಲುಬಿನ ಶಾಲೆ

ಕುಳಿತುಕೊಳ್ಳುವುದೂ ಒಂದು ವಿದ್ಯೆ ಎಂಬ ಸಂಗತಿ ಐವತ್ತಾರು ವರ್ಷ ನನ್ನ ಗಮನಕ್ಕೆ ಬಂದಿರಲಿಲ್ಲ. ಹುಬ್ಬಳ್ಳಿಯ ಕಾಲೇಜಿನ ಬೆಂಚು, ಬಾಗಲಕೋಟೆ ಬಸ್ಸಿನ ಹಿಂದಿನ ಸೀಟು, ಆಮೇಲೆ ಅಮೆರಿಕದ ಜಾರ್ಜಿಯಾದಲ್ಲಿ ಸೇತುವೆಗಳ ನಕ್ಷೆ ತಿದ್ದುವ ಕಚೇರಿಯ ಗಾಲಿ ಕುರ್ಚಿ, ಹೀಗೆ ಎಲ್ಲಿ ಬೇಕಾದರೂ ಕುಳಿತವನು ನಾನು. ಆ ವಿದ್ಯೆ ಒಂದು ಚಳಿಗಾಲದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ನನ್ನನ್ನು ಬಿಟ್ಟುಹೋಯಿತು. ಕುರ್ಚಿಗೆ ಬೆನ್ನು ತಾಗಿದ ಕೂಡಲೇ ಸೊಂಟಕ್ಕಿಂತ ಗೇಣು ಮೇಲೆ ಯಾರೋ ಒಳಗಿನಿಂದ ಮೊಳೆ ಹೊಡೆಯಲು ಶುರುಮಾಡುತ್ತಿದ್ದ. ಎದ್ದು ನಿಂತರೆ ಸುತ್ತಿಗೆ ಕೆಳಗಿಡುತ್ತಿದ್ದ. ಆದ್ದರಿಂದ ನಾನು ನಿಂತೆ. ನಿಂತೇ ಉಂಡೆ, ನಿಂತೇ ಮೀಟಿಂಗ್ ಮುಗಿಸಿದೆ, ನಿಂತೇ ಹೆಂಡತಿಯ ಜೊತೆ ಜಗಳವಾಡಿದೆ. ನಿಂತವನಿಗೆ ಸುಮ್ಮನೆ ನಿಲ್ಲಲೂ ಆಗುವುದಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗಬೇಕು.

ಇದನ್ನು ಓದುವವರಲ್ಲಿ ಯಾರಾದರೂ ಈಗ ಯಾವುದೋ ಆಸ್ಪತ್ರೆಯಲ್ಲಿ ಗೋಡೆಯಿಂದ ಗೋಡೆಗೆ ಅಲೆಯುತ್ತಿದ್ದರೆ, ಪಕ್ಕದಲ್ಲಿ ನಾನೂ ಹೆಜ್ಜೆ ಹಾಕುತ್ತಿದ್ದೇನೆ ಎಂದು ತಿಳಿಯಿರಿ. 'ಸ್ವಲ್ಪ ಕೂತ್ಕೊಳ್ಳಿ' ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ.

ಅಟ್ಲಾಂಟಾದಲ್ಲಿ ಎರಡು ಇಂಚು ಹಿಮ ಬಿದ್ದು, ಊರಿಗೆ ಊರೇ ಒಂದೇ ಹೊತ್ತಿಗೆ ಕಚೇರಿ ಬಿಟ್ಟು ಹೈವೇಯಲ್ಲಿ ಸಿಕ್ಕಿಬಿದ್ದ ವರ್ಷ ಅದು. ನಾನು ಊರ ಹೊರವಲಯದ ಸುವಾನಿಯ ಮನೆಗೆ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಆ ವಾರವೇ ಬೆನ್ನು ನೋಯತೊಡಗಿದ್ದರಿಂದ ನನ್ನ ನೋವಿಗೆ ಗೌರವಾನ್ವಿತವಾದ ಒಂದು ಕಾರಣ ಪುಕ್ಕಟೆಯಾಗಿ ದೊರೆಯಿತು. ಯಾರ ಮನೆಗೆ ಹೋದರೂ, "ಓ, ಸ್ನೋ ದಿವಸ ಕಾರಲ್ಲಿ ಕೂತಿದ್ರಲ್ಲ" ಎಂದು ಅವರೇ ರೋಗನಿರ್ಣಯ ಮಾಡಿ ಚಹಾ ಕೊಡುತ್ತಿದ್ದರು. ಹಿಮ ಕರಗಿತು. ವಸಂತ ಬಂತು, ನನ್ನ ಹೆಸರೂ ವಸಂತನೇ, ನಾನು ಮಾತ್ರ ಬರಲಿಲ್ಲ. ಪ್ಯಾಂಟು ಸಡಿಲಾಯಿತು. ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೊಟ್ಟೆ ಕರಗಿಸಿದ ಗುಟ್ಟು ಕೇಳಿದವರು ಅನೇಕರು. ಮೂರು ಹೊತ್ತೂ ನಿಂತು ಊಟ ಮಾಡಬೇಕು ಎಂದು ನಾನು ಗಂಭೀರವಾಗಿ ಉಪದೇಶಿಸಿದೆ. ಇಬ್ಬರು ಅದನ್ನು ಪಾಲಿಸಿದರೆಂದೂ ಕೇಳಿದ್ದೇನೆ.

ಮೊದಲು ನೋಡಿದ ಡಾಕ್ಟರು ಎಂ.ಡಿ. ಪದವಿಯವರು, ಸಜ್ಜನ. ನನ್ನ ಬೆನ್ನಿನ ಬಗ್ಗೆ ಕಂಪ್ಯೂಟರನ್ನು ನೋಡುತ್ತಾ ವಿಚಾರಿಸಿ, ಸ್ನಾಯು ಸೆಳೆತ ಎಂದು ಮಾತ್ರೆ ಬರೆದು, ವ್ಯಾಯಾಮದ ಚಿತ್ರಗಳನ್ನು ಕೊಟ್ಟರು. ಚಿತ್ರದಲ್ಲಿದ್ದ ಹೆಂಗಸು ನಗುತ್ತಾ ಬಾಗುತ್ತಿದ್ದಳು. ನಾನು ಅಳುತ್ತಾ ಬಾಗಿದೆ.

ಸುವಾನಿಯ ಕನ್ನಡಿಗರಲ್ಲಿ ಆಗ ಒಂದು ಪದ್ಧತಿಯಿತ್ತು. ಯಾವ ಡಾಕ್ಟರ ಬಳಿ ಹೋಗುವ ಮುನ್ನವೂ, ಹೋಗಿ ಬಂದ ಮೇಲೂ, ಕೇಸನ್ನು ಡಾ. ಪಾಟೀಲರ ಭಾನುವಾರದ ದರ್ಬಾರಿನಲ್ಲಿ ಮಂಡಿಸಬೇಕು. ಪಾಟೀಲರು ವಿಜಯಪುರ ಕಡೆಯವರು, ನಿವೃತ್ತ ಹೃದಯತಜ್ಞರು, ಹೃದಯವಂತರು. ಮೂಲವ್ಯಾಧಿಯಿಂದ ಹಿಡಿದು ಮಕ್ಕಳ ಪರೀಕ್ಷೆಯ ತನಕ ಎಲ್ಲಕ್ಕೂ ಮಂಡಕ್ಕಿ ಸೂಸಲಾ ತಟ್ಟೆಯ ಮುಂದೆ ತೀರ್ಪು ಕೊಡುತ್ತಿದ್ದರು. ನನ್ನನ್ನು ಹೆಂಡತಿ ಸುಮಂಗಲಾ ಅಲ್ಲಿಗೆ ಕರೆದೊಯ್ದಳು.

"ಬರ್ರಿ ವಸಂತರಾವ್, ಕುಂದರ್ರಿ."

"ಕೂಡಲಿಕ್ಕೆ ಆಗೂದಿಲ್ಲಂತನೇ ಬಂದೇನ್ರಿ, ಡಾಕ್ಟರ್ ಸಾಹೇಬ್ರ."

"ಹಂಗಾದ್ರ ನಿಂತ ಹೇಳ್ರಿ. ಕೇಳೋ ಕಿವಿ ಕುಂತಾವು, ಸಾಕು."

ನಾನು ಹೇಳಿದೆ. ಆಗ ಸುಮಂಗಲಾ ನಡುವೆ ಬಾಯಿ ಹಾಕಿದಳು. "ರಾತ್ರಿ ಬೆವರತಾರ್ರೀ. ದಿಂಬಿನ ಕವರ್ ಹಿಂಡೂ ಹಂಗ ಆಗಿರ್ತದ. ಗ್ರೀನ್ ಕಾರ್ಡ್ ಮೆಡಿಕಲ್ ಒಳಗ ಕೈ ಮ್ಯಾಲೆ ಟಿ.ಬಿ. ಟೆಸ್ಟ್ ಮಾಡಿದ್ರಲ್ಲ, ಇವರಿಗೆ ಕೆಂಪಗೆ ಊದಿತ್ತು. ಅದೇನರೆ ಇರಬಹುದೇನು?"

ಪಾಟೀಲರು ನಕ್ಕರು. "ಏ ವೈನಿ, ಅದು ಸಣ್ಣಾಗಿದ್ದಾಗ ಚುಚ್ಚಿಸಿಕೊಂಡ ಬಿ.ಸಿ.ಜಿ. ಪ್ರಸಾದರಿ. ಇಲ್ಲಿ ಕುಂತವರಾಗ ಯಾರಿಗೆ ಊದಿಲ್ಲ? ಕೈ ಎತ್ರಿ ನೋಡೋಣು."

ಎಲ್ಲರೂ ಕೈ ಎತ್ತಿದರು. ಒಬ್ಬರಂತೂ ಅಂಗಿಯ ತೋಳು ಮಡಚಿ ಭುಜದ ಮೇಲಿನ ಹಳೆಯ ಲಸಿಕೆ ಕಲೆಯನ್ನು ಪದಕದಂತೆ ತೋರಿಸಿದರು. ಅದನ್ನು ನೋಡಿ ಉಳಿದವರೂ ತೋರಿಸಿದರು. ಐ.ಟಿ.ಯವರು, ಇಂಜಿನಿಯರರು, ಇಬ್ಬರು ವೈದ್ಯರು, ಎಲ್ಲರೂ ತೋಳು ಮೇಲೇರಿಸಿ ಕೂತ ಆ ದೃಶ್ಯ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾನೂ ನಗುತ್ತಾ ತೋಳು ಮಡಚಿದೆ. ಸುಮಂಗಲಾ ಒಬ್ಬಳೇ ನಗಲಿಲ್ಲ. ಅಲ್ಲಿದ್ದ ನಮ್ಮೆಲ್ಲರ ಪರೀಕ್ಷೆ ಊದಿತ್ತು ನಿಜ. ಆದರೆ ಎಲ್ಲರಿಗೂ ಊದಿದೆ ಎಂಬುದರಿಂದ ನನಗೆ ಏನೂ ಆಗಿಲ್ಲ ಎಂದು ಹೇಗೆ ತೀರ್ಮಾನಿಸಿದೆವೋ, ಸೇತುವೆಯ ಲೆಕ್ಕದಲ್ಲಿ ಹಾಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ಅಷ್ಟರಲ್ಲಿ ಕಚೇರಿಯವರು ಇನ್ಶೂರೆನ್ಸ್ ಬದಲಿಸಿದರು. ಹಳೆಯ ಡಾಕ್ಟರು ಪಟ್ಟಿಯಿಂದ ಹೊರಗಾದರು. ಹತ್ತಿರದಲ್ಲಿ ಬೇಗ ಸಿಗುವವರು ಎಂದರೆ ಡಾ. ರೂತ್ ಕ್ಯಾಲೊವೇ ಎಂಬ ಹಿರಿಯ ಹೆಂಗಸು. ಅವರ ಹೆಸರಿನ ಮುಂದೆ ಎಂ.ಡಿ. ಬದಲು ಡಿ.ಓ. ಎಂದಿತ್ತು.

"ಡಿ.ಓ. ಅಂದ್ರ ನಮ್ಮ ಕಡೆ ಕಣ್ಣಿನ ಡಿಪ್ಲೊಮಾ ಅಲ್ಲೇನ್ರೀ?" ಎಂದಳು ಸುಮಂಗಲಾ. ದರ್ಬಾರಿಗೆ ಫೋನ್ ಹೋಯಿತು.

"ಅಲ್ಲ ಅಲ್ಲ, ಆಸ್ಟಿಯೋಪಥಿ" ಎಂದರು ಪಾಟೀಲರು. "ಕಾನೂನು ಪ್ರಕಾರ ಅವ್ರೂ ನಾವೂ ಒಂದರಿ. ಔಷಧ ಬರೀತಾರ, ಆಪರೇಷನ್ ಮಾಡ್ತಾರ. ನನ್ನ ಕೂಡ ಕೆಲಸ ಮಾಡ್ಯಾರ, ಛಲೋ ಮಂದಿ. ಆದ್ರ..."

ಆ 'ಆದ್ರ' ಬಹಳ ಹೊತ್ತು ಫೋನಿನಲ್ಲಿ ತೂಗಾಡಿತು.

"ಆದ್ರ ಏನ್ರಿ?"

"ಏನಿಲ್ಲ. ಅವರ ಮೂಲ ಎಲುಬು ತಿರುವೋದು. ಹಿಡದು ಲಟಕ್ ಅನಿಸಿದ್ರ ಹುಷಾರ್."

ಹೆಂಡತಿಗೆ ಎಚ್ಚರಿಕೆಯಾಗಿ ಕೇಳಿದ ಮಾತು ನನಗೆ ವರವಾಗಿ ಕೇಳಿಸಿತು. ಲಟಕ್! ತಿಂಗಳುಗಟ್ಟಲೆ ನಾನು ಕನಸು ಕಂಡಿದ್ದು ಇದನ್ನೇ. ಒಬ್ಬ ಬಲಶಾಲಿ ನನ್ನನ್ನು ಒದ್ದೆ ಬಟ್ಟೆಯಂತೆ ಹಿಂಡಿ, ಒಳಗಿನ ಆ ಬಡಗಿಯನ್ನು ಹೊರಗೆಸೆಯಬೇಕು. ಮರುದಿನವೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಕ್ಲಿನಿಕ್ಕು ಒಂದು ಹಳೆಯ ಇಟ್ಟಿಗೆ ಮನೆ. ಮುಂದಿನ ಮೇಜಿನಲ್ಲಿ ಡಾರ್ಲೀನ್ ಎಂಬಾಕೆ ಹೆಣಿಗೆ ಹೆಣೆಯುತ್ತಾ ಕೂತಿದ್ದಳು. "ಕೂತ್ಕೊ ಹನಿ" ಎಂದಳು. ಆಗದು ಎಂದೆ. ಸ್ವಲ್ಪ ಹೊತ್ತು ನೋಡಿ, "ನಿನ್ನ ನೋಡ್ತಾ ನಂಗೆ ತಲೆ ತಿರುಗ್ತಿದೆ, ಗೋಡೆ ಕಡೆ ಮುಖ ಮಾಡಿ ಓಡಾಡು, ಅಲ್ಲಿ ಪಟ ಇದೆ" ಎಂದಳು. ಇಲ್ಲಿ ಅಮೆರಿಕನ್ನರು ಆಡಿದ್ದನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ. ಅಮೆರಿಕದ ದಕ್ಷಿಣದವರ ಆ ಎಳೆದೆಳೆದ ರಾಗವನ್ನು ಓದುಗರು ಸೇರಿಸಿಕೊಳ್ಳಬೇಕು.

ಹೀಗೆ ನನ್ನ ಚರಿತ್ರೆಯ ವ್ಯಾಸಂಗ ಆರಂಭವಾಯಿತು. ಗೋಡೆಯುದ್ದಕ್ಕೂ ಹಳೆಯ ಫೋಟೋಗಳು, ಪ್ರತಿಯೊಂದರ ಕೆಳಗೂ ಟೈಪು ಮಾಡಿದ ನಾಲ್ಕು ಸಾಲು. ಮೊದಲನೆಯದು ಮಿಸ್ಸೌರಿಯ ಒಂದು ಸಣ್ಣ ಊರಿನ ಮರದ ಮನೆ. ಎರಡೇ ಕೋಣೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟಿಯೋಪಥಿಯ ಮೊದಲ ಶಾಲೆ ನಡೆದದ್ದು ಅಲ್ಲಿ. ಅದನ್ನು ಕಟ್ಟಿದ ಗಡ್ಡದ ಮುದುಕ ಎರಡನೆಯ ಚಿತ್ರದಲ್ಲಿ ಒಂದು ತೊಡೆಯೆಲುಬನ್ನು ಊರುಗೋಲಿನಂತೆ ಹಿಡಿದು ನಿಂತಿದ್ದ. ಗಡಿನಾಡಿನಲ್ಲಿ ವೈದ್ಯನಾಗಿದ್ದವನು. ಮೆದುಳು ಜ್ವರ ಬಂದು ಸ್ವಂತ ಮಕ್ಕಳು ಕಣ್ಣೆದುರೇ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಆ ಕಾಲದ ಪಾದರಸ, ಅಫೀಮುಗಳ ಔಷಧದಲ್ಲಿ ಅವನಿಗಿದ್ದ ನಂಬಿಕೆ ಸತ್ತುಹೋಯಿತು. ಔಷಧ ಬಿಟ್ಟು ಕೈಯನ್ನು ನಂಬಿದ. ಊರವರು ಹುಚ್ಚ ಎಂದರು, ಪಾದ್ರಿ ಸೈತಾನನ ಕೆಲಸ ಎಂದ. ಅವನು ಎಲುಬುಗಳನ್ನು ಚೀಲದಲ್ಲಿ ಹಾಕಿಕೊಂಡು ಊರೂರು ತಿರುಗಿದ. ಎಲ್ಲಿಯೂ ನಿಲ್ಲಲಾರದ ಮನುಷ್ಯ. ನನಗೆ ತಕ್ಷಣ ಆತ್ಮೀಯನಾದ.

ಮೂರನೆಯ ಚಿತ್ರದ ಕೆಳಗೆ ಬರೆದದ್ದನ್ನು ಓದಿ ನಾನು ನಡೆಯುವುದನ್ನೂ ಮರೆತೆ. ಶಾಲೆಗೆ ಸರ್ಕಾರ ಕೊಟ್ಟ ಸನ್ನದಿನ ಪ್ರಕಾರ ಅವನು ತನ್ನ ವಿದ್ಯಾರ್ಥಿಗಳಿಗೆ ಎಂ.ಡಿ. ಎಂದೇ ಪದವಿ ಕೊಡಬಹುದಿತ್ತಂತೆ. ಬೇಡ ಎಂದನಂತೆ. ಬೇರೆ ಅಕ್ಷರವೇ ಬೇಕು ಎಂದು ಡಿ.ಓ. ಇಟ್ಟನಂತೆ. ಎಂ.ಡಿ. ಎಂಬ ಎರಡಕ್ಷರಕ್ಕಾಗಿ ಮಕ್ಕಳನ್ನು ಬಾಲವಾಡಿಯಿಂದಲೇ ಓಡಿಸುವ ಕುಲದಲ್ಲಿ ಹುಟ್ಟಿದ ನನಗೆ ಅಂಗೈಯಲ್ಲಿದ್ದ ಎಂ.ಡಿ.ಯನ್ನು ಒಬ್ಬ ನಿರಾಕರಿಸಿದ ಎಂಬುದು, ರಾಜ್ಯ ಬಿಟ್ಟು ಕಾಡಿಗೆ ಹೋದವರ ಸಾಲಿಗೆ ಸೇರಿಸಬೇಕಾದ ಸಂಗತಿ ಎನಿಸಿತು.

ನಾಲ್ಕನೆಯದು ಮೊದಮೊದಲ ತರಗತಿಗಳ ಗುಂಪು ಫೋಟೋ. ಗಂಡಸರ ನಡುವೆ ಹಲವು ಹೆಂಗಸರು, ಮೊದಲ ವರ್ಷದಿಂದಲೇ ಅವರಿಗೂ ಪ್ರವೇಶವಿತ್ತು. ಅವರಲ್ಲೊಬ್ಬಳ ತಲೆಯ ಮೇಲೆ ಪೆನ್ಸಿಲಿನ ಬಾಣದ ಗುರುತು. ಯಾರಿವಳು ಎಂದು ಬಾಗಿ ನೋಡುವಷ್ಟರಲ್ಲಿ ಮೊಳೆ ಹೊಡೆಯುವವನು ಕೆಲಸಕ್ಕೆ ಹಾಜರಾದ, ಒಳಗಿನಿಂದ ಕರೆಯೂ ಬಂತು.

ಡಾ. ಕ್ಯಾಲೊವೇ ಕುಳ್ಳಗಿನ ಹೆಂಗಸು, ಬೆಳ್ಳಿ ಕೂದಲು, ಅಡುಗೆಯವರಂಥ ದಪ್ಪ ಬೆರಳು. ನನ್ನ ಭಾಷಣವನ್ನು ಪೂರ್ತಿ ಕೇಳಿದರು. ಹಿಮ, ಕಾರು, ಕುರ್ಚಿ ಎಲ್ಲ. "ಅಂಗಿ ಬಿಚ್ಚಿ" ಎಂದರು. ಇಷ್ಟು ತಿಂಗಳಲ್ಲಿ ಆ ಮಾತು ಹೇಳಿದ ಮೊದಲ ವೈದ್ಯರು. ಕೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ಕತ್ತಿನಿಂದ ಶುರುಮಾಡಿ ಒಂದೊಂದೇ ಎಲುಬನ್ನು ಮುಟ್ಟುತ್ತಾ ಕೆಳಗಿಳಿದರು. ನಾನು ಲಟಕ್ಕಿಗಾಗಿ ಉಸಿರು ಬಿಗಿಹಿಡಿದೆ. ಆ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಒಂದು ಸಲ ಹಗುರಾಗಿ ತಟ್ಟಿತು. ನಾನು ಚೀರಿದೆ. ಆಮೇಲೆ ಬೆನ್ನ ಮೇಲಿಂದ ಎರಡೂ ಕೈ ಎದ್ದುಹೋದವು. ಬಿಸಿ ಪಾತ್ರೆಯಿಂದ ತೆಗೆದಂತಲ್ಲ, ಮಲಗಿದ ಕೂಸಿನ ಮೇಲಿಂದ ತೆಗೆದಂತೆ.

"ಇವತ್ತು ನಾನು ಏನೂ ಮಾಡುವುದಿಲ್ಲ" ಎಂದರು. "ಈಗಲೇ ಎಂ.ಆರ್.ಐ.ಗೆ ಹೇಳುತ್ತೇನೆ. ಅಲ್ಲಿಯವರೆಗೆ ಈ ಬೆನ್ನನ್ನು ಯಾರೂ ಮುಟ್ಟಕೂಡದು."

"ತಿರುವುವುದಿಲ್ಲವೇ?"

"ಇಲ್ಲ."

"ಸ್ವಲ್ಪ?"

"ಮಿಸ್ಟರ್ ವಸಂತ್, ಇಲ್ಲ."

ಹೋಟೆಲಿಗೆ ಹೋಗಿ ಊಟವಿಲ್ಲ ಎನಿಸಿಕೊಂಡು ಬಂದವನ ಹಾಗೆ ನಾನು ಮನೆಗೆ ಬಂದೆ. ಪಾಟೀಲರು ಫೋನಿನಲ್ಲಿ, "ಎಲುಬು ಮುಟ್ಟದ ಎಲುಬಿನ ಡಾಕ್ಟರ! ಇದು ಹೊಸದು ಬಿಡ್ರಿ" ಎಂದರು. ನನಗೆ ತಾಳ್ಮೆ ಮುಗಿದಿತ್ತು. ಇನ್ಶೂರೆನ್ಸಿನವರು ಎಂ.ಆರ್.ಐ.ಗೆ ಒಪ್ಪಿಗೆ ಕೊಡಲು ಕೆಲವು ದಿನ ಬೇಕಂತೆ. ನಾರ್‌ಕ್ರಾಸ್‌ನಲ್ಲಿ ನಮ್ಮವರು ಹೋಗುವ ಇಂಡಿಯನ್ ದಿನಸಿ ಅಂಗಡಿಯ ಪಕ್ಕ ಎಣ್ಣೆ ಹಚ್ಚಿ ಮಾಲೀಸು ಮಾಡುವ ಒಬ್ಬ ಪೈಲ್ವಾನರಿದ್ದರು. ಬೆನ್ನ ಮೇಲೆ ಹತ್ತಿ ತುಳಿಯುತ್ತಾರೆ, ಎದ್ದವನು ಓಡುತ್ತಾನೆ ಎಂದು ಖ್ಯಾತಿ. ಮರುದಿನಕ್ಕೆ ಹೆಸರು ಹಚ್ಚಿಸಿದೆ.

ಸಂಜೆ ಮನೆಯ ಫೋನು ರಿಂಗಣಿಸಿತು. ಸುಮಂಗಲಾ ಎತ್ತಿದಳು. ಅತ್ತ ಡಾ. ಕ್ಯಾಲೊವೇ. ನಾನು ಅಡುಗೆಮನೆಯ ಕಟ್ಟೆಯ ಸುತ್ತ ತಿರುಗುತ್ತಾ ಅವಳ ಅರ್ಧ ಮಾತು ಕೇಳಿದೆ.

"ಯೆಸ್, ಹಿ ಸ್ವೆಟ್ಸ್... ಯೆಸ್, ವೆಯಿಟ್ ಆಲ್ಸೋ... ಯೆಸ್ ಡಾಕ್ಟರ್, ದಿ ಸ್ಕಿನ್ ಟೆಸ್ಟ್ ವಾಸ್ ಪಾಸಿಟಿವ್. ಬಟ್ ದೇ ಸೇ ಆಲ್ ಇಂಡಿಯನ್ಸ್ ಆರ್ ಪಾಸಿಟಿವ್."

ಫೋನಿಟ್ಟು ನನ್ನ ಕಡೆ ತಿರುಗಿದಳು.

"ಏನಂದ್ರು?"

"'ಎಲ್ಲಾರಿಗೂ ಪಾಸಿಟಿವ್ ಬಂದಿರಬಹುದು, ಎಲ್ಲಾರೂ ನನ್ನ ವೇಟಿಂಗ್ ರೂಮ್‌ನ್ಯಾಗ ನಿಂತಿಲ್ಲ' ಅಂದ್ರು. ನಾಳೆ ಎಲ್ಲೆರೆ ಹೊರಗ ಹೋಗೂದದನು?"

"ಇಲ್ಲ" ಎಂದೆ. ಪೈಲ್ವಾನರಿಗೆ ಅವಳೇ ಫೋನ್ ಮಾಡಿ ಬೇಡವೆಂದಳು. ಅವಳಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ.

ಎಂ.ಆರ್.ಐ.ಯ ದಿನ ಪಾರ್ಕಿಂಗ್ ಲಾಟಿನಲ್ಲಿ ಬಲಗಾಲು ಎಡವಿತು. ಎಡವಲು ಅಲ್ಲಿ ಏನೂ ಇರಲಿಲ್ಲ. ಒಳಗೆ ಚಿತ್ರದಲ್ಲಿ ಬೆನ್ನೆಲುಬಿನ ಎರಡು ಮಣಿಗಳ ನಡುವಿನ ಗೋಡೆಯೇ ಇಲಿ ತಿಂದಂತೆ ಮಾಯವಾಗಿತ್ತು, ಅಲ್ಲಿ ಕೀವು ತುಂಬಿ ನರದ ಹುರಿಯನ್ನು ಒತ್ತುತ್ತಿತ್ತು. ಜೀವಮಾನವಿಡೀ ಕಂಬ ಕುಸಿಯುವ ಲೆಕ್ಕ ಹಾಕಿದವನು ನಾನು. ಆ ಚಿತ್ರ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಶಸ್ತ್ರವೈದ್ಯರು ಎರಡೇ ಸಾಧ್ಯತೆ ಹೇಳಿದರು. ಒಂದು ಕ್ಯಾನ್ಸರು, ಇನ್ನೊಂದು ಸೋಂಕು. ಎರಡರಲ್ಲಿ ಯಾವುದಾದರೂ ಕಾಲುಗಳು ಉಳಿಯುತ್ತವೆಯೇ ಎಂದು ಕೇಳಿದೆ. "ನೋಡೋಣ" ಎಂದರು. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಡಾಕ್ಟರುಗಳು ಈ ಶಬ್ದವನ್ನು ಒಂದೇ ರಾಗದಲ್ಲಿ ಹೇಳುತ್ತಾರೆ.

ಮಗಳು ಮೇಘನಾ ಆಗ ಹೈಸ್ಕೂಲಿನ ಕೊನೆಯ ವರ್ಷ. ಸೂಜಿ ಚುಚ್ಚಿ ಎಲುಬಿನ ಚೂರು ತೆಗೆದ ದಿನ ನನ್ನ ಹಾಸಿಗೆಯ ಹತ್ತಿರ ನಿಂತು ಕೇಳಿದಳು, "ಅಪ್ಪ, ನೀನು ನಡೀತೀಯಾ? ಲೈಕ್, ಟೆಲ್ ಮಿ ದಿ ಟ್ರುತ್."

"ನಡೆಯುವುದನ್ನು ನಿಲ್ಲಿಸು ಅಂತಲೇ ಅಲ್ವೇ ನೀನು ಇಷ್ಟು ದಿನ ಬೈತಿದ್ದದ್ದು?"

"ನಾಟ್ ಫನಿ, ಅಪ್ಪ."

ನಿಜ, ತಮಾಷೆಯಾಗಿರಲಿಲ್ಲ. ನನ್ನ ಬಳಿ ಬೇರೆ ಸಾಮಾನು ಇರಲಿಲ್ಲ. ಅವಳು ನನ್ನ ಕಾಲಿನ ಹೆಬ್ಬೆರಳನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡು ನಿಂತಳು. ಹಿಡಿದದ್ದು ನನಗೆ ತಿಳಿದದ್ದು ಕಣ್ಣಿಂದ. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಫಲಿತಾಂಶ ಬಂತು. ಬೆನ್ನೆಲುಬಿನ ಕ್ಷಯ. ಸುಮಂಗಲಾ ಅತ್ತಳು, ಆಮೇಲೆ ಶಿರಾ ಮಾಡಿದಳು. ಕ್ಯಾನ್ಸರ್ ಅಲ್ಲವೆಂದು ಕ್ಷಯಕ್ಕೆ ಸಿಹಿ ಹಂಚಿದ ಮನೆ ಜಾರ್ಜಿಯಾದಲ್ಲಿ ನಮ್ಮದೊಂದೇ ಇದ್ದೀತು. ಹಂಚಿದ್ದು ನಾವು ಮೂವರಲ್ಲೇ ಅನ್ನಿ. ಹೊರಗಿನವರಿಗೆ 'ಬೆನ್ನಿನ ಇನ್ಫೆಕ್ಷನ್' ಎಂದು ಹೇಳುವುದೆಂದು ಕುಟುಂಬಸಭೆ ನಿರ್ಣಯಿಸಿತು. ಎದೆ ಸ್ವಚ್ಛವಿತ್ತು, ಯಾರಿಗೂ ಅಂಟುವ ಭಯವಿರಲಿಲ್ಲ. ಆದರೂ ಆ ಎರಡಕ್ಷರ ಬಾಯಿಗೆ ಬರುತ್ತಿರಲಿಲ್ಲ. ಊರಲ್ಲಿ ನಮ್ಮಜ್ಜಿ ಆ ರೋಗದ ಹೆಸರನ್ನು ಸೆರಗು ಬಾಯಿಗಿಟ್ಟು ಹೇಳುತ್ತಿದ್ದಳು. ಬಾಗಲಕೋಟೆಯ ಆ ಸೆರಗು ಸುವಾನಿಯ ತನಕ ಬಂದಿತ್ತು.

ಗುಟ್ಟು ಕಾಪಾಡಲು ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾಡಳಿತ, ಸಹಕರಿಸಲಿಲ್ಲ. ಕ್ಷಯದ ಮಾತ್ರೆಗಳನ್ನು ರೋಗಿ ನಿಜವಾಗಿ ನುಂಗಿದನೇ ಎಂದು ಕಣ್ಣಾರೆ ನೋಡಲು ಆರೋಗ್ಯ ಇಲಾಖೆಯ ನರ್ಸು ಮನೆಗೇ ಬರುತ್ತಾರೆ. ಬಾಗಿಲ ಮೇಲೆ ಕೌಂಟಿಯ ಮುದ್ರೆಯಿದ್ದ ಕಾರು ನಮ್ಮ ಡ್ರೈವ್‌ವೇಯಲ್ಲಿ ದಿನಾ ಬೆಳಿಗ್ಗೆ ಬಂದು ನಿಲ್ಲುವುದನ್ನು ಬೀದಿಯೆಲ್ಲ ನೋಡಿತು. ನಾನೇನೋ ಅಪರಾಧ ಮಾಡಿ ಗೃಹಬಂಧನದಲ್ಲಿದ್ದೇನೆ ಎಂಬ ವದಂತಿ ಹಬ್ಬಿತೆಂದು ಮೇಘನಾ ವರದಿ ತಂದಳು. ಹೆಂಡತಿಗೆ ಅದೇ ವಾಸಿ ಎನಿಸಿತು. ಹಿಡಿ ತುಂಬ ಮಾತ್ರೆ, ನುಂಗಿದ ಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುವುದು, ಐವತ್ತಾರರ ಇಂಜಿನಿಯರ್ ಬಾಲವಾಡಿಗೆ ಹಿಂಬಡ್ತಿ ಹೊಂದಿದ್ದ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು. ಕಣ್ಣೀರೂ ಅದೇ ಬಣ್ಣಕ್ಕೆ ತಿರುಗುತ್ತದೆಂದು ನರ್ಸು ಎಚ್ಚರಿಸಿದ್ದರಿಂದ ಬಿಳಿ ಅಂಗಿ ತೊಟ್ಟಾಗ ನಾನು ಅಳುವುದನ್ನು ತಪ್ಪಿಸಿದೆ.

ಇಷ್ಟಾದರೂ ಕಾಲು ಕೇಳಲಿಲ್ಲ. ಔಷಧ ಆರಂಭಿಸಿದ ಮೇಲೆ ಬಲಗಾಲು ಇನ್ನಷ್ಟು ಸೋತಿತು, ಎಡಗಾಲು ಅದನ್ನು ಅನುಸರಿಸಿತು. ಎದೆಯಿಂದ ಸೊಂಟದವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ತೊಡಿಸಿ, ಮಲಗಿರು ಎಂದರು. ನಿಂತವನನ್ನು ಮಲಗಿಸಿದರೆ ಅವನ ಮನಸ್ಸು ಎದ್ದು ಓಡಾಡುತ್ತದೆ. ನನ್ನದು ಮೆಟ್ಟಿಲು ಹತ್ತಿತು, ಗ್ಯಾರೇಜಿಗೆ ಹೋಯಿತು, ವೀಲ್‌ಚೇರಿಗೆ ಬಾಗಿಲು ಸಾಲುತ್ತದೆಯೇ ಎಂದು ಟೇಪು ಹಿಡಿದು ಅಳೆಯಿತು. ಸಾಲುತ್ತಿರಲಿಲ್ಲ. ಕೆಲವು ವಾರ ಔಷಧಕ್ಕೆ ಕಾಲಾವಕಾಶ ಕೊಡೋಣ, ಸೋಲು ಹೆಚ್ಚಿದರೆ ಕೊಯ್ಯೋಣ, ಕೊಯ್ದರೂ ಭರವಸೆ ಕೊಡಲಾರೆ, ಎಂದರು ಶಸ್ತ್ರವೈದ್ಯರು.

ಆ ವಾರಗಳ ಆರಂಭದಲ್ಲಿ, ಕಾಲು ಇನ್ನೂ ನಾಲ್ಕು ಹೆಜ್ಜೆ ಎಳೆಯುತ್ತಿದ್ದಾಗ, ಒಂದು ದಿನ ತಪಾಸಣೆಗೆಂದು ವಾಕರ್ ಹಿಡಿದು, ಕವಚ ತೊಟ್ಟು, ಹಳೆಯ ಕಾಲದ ಸೈನಿಕನಂತೆ ಡಾ. ಕ್ಯಾಲೊವೇ ಅವರ ಕ್ಲಿನಿಕ್ಕಿಗೆ ಹೋದೆ. ಡಾರ್ಲೀನ್ ಹೆಣಿಗೆ ಬದಿಗಿಟ್ಟು ಎದ್ದು ನನ್ನ ಜೊತೆ ಗೋಡೆಯ ಪಕ್ಕ ನಡೆದಳು. ಮಿಸ್ಸೌರಿಗೆ ರೈಲುಗಟ್ಟಲೆ ರೋಗಿಗಳು ಬಂದ ಚಿತ್ರ ದಾಟಿದೆವು. ಔಷಧಶಾಸ್ತ್ರ ಕಲಿಸಬೇಕೋ ಬೇಡವೋ ಎಂದು ಆ ಮಂದಿ ವರ್ಷಾನುಗಟ್ಟಲೆ ತಮ್ಮತಮ್ಮಲ್ಲೇ ಕಾದಾಡಿ ಕೊನೆಗೆ ಕಲಿಸಿದ ಸಂಗತಿ ದಾಟಿದೆವು. ಕಲಿಸದಿದ್ದರೆ ನನ್ನ ಹಿಡಿ ಮಾತ್ರೆಯ ಗತಿ ಏನಾಗುತ್ತಿತ್ತು ಎಂದು ಯೋಚಿಸುತ್ತಾ ಕೊನೆಯ ಚಿತ್ರಕ್ಕೆ ಬಂದೆ. ಮರದ ವರಾಂಡ. ಬಾಣದ ಗುರುತಿನ ಆ ಹೆಂಗಸು, ಈಗ ಮಧ್ಯವಯಸ್ಸು, ಬಾಗಿಲಲ್ಲಿ ನಿಂತಿದ್ದಾಳೆ. ಎದುರಿಗೆ ಗಾಲಿ ಕುರ್ಚಿಯಲ್ಲಿ ಒಬ್ಬ ಗಂಡಸು, ಬೆನ್ನಲ್ಲಿ ಗೂನು. ಇದರ ಕೆಳಗೆ ಮಾತ್ರ ಏನೂ ಬರೆದಿರಲಿಲ್ಲ.

"ಅದು ನನ್ನ ಮುತ್ತಜ್ಜಿ" ಎಂದರು ಹಿಂದೆ ಬಂದು ನಿಂತ ಡಾ. ಕ್ಯಾಲೊವೇ. "ಕಲಿತು ಮುಗಿಸಿ ಕ್ಯಾರೊಲೈನಾದ ಒಂದು ಹತ್ತಿ ಗಿರಣಿಯ ಊರಿಗೆ ಬಂದಳು. ಅವನು ಗಿರಣಿಯ ನೇಕಾರ. ಬೆನ್ನುನೋವು, ಕೂರಲು ಆಗುತ್ತಿರಲಿಲ್ಲ, ನಿಂತೇ ಬಂದಿದ್ದನಂತೆ. ಆಕೆಯ ಕೈ ಬಹಳ ಹೆಸರುವಾಸಿ. ತಿರುವಿದಳು. ಇಬ್ಬರಿಗೂ ಶಬ್ದ ಕೇಳಿಸಿತು, ಇಬ್ಬರೂ ಖುಷಿಪಟ್ಟರು. ಅವನು ಆಮೇಲೆ ನಡೆಯಲಿಲ್ಲ."

ಡಾರ್ಲೀನ್ ತನ್ನ ಮೇಜಿಗೆ ಮರಳಿದಳು.

"ಎಲುಬಲ್ಲಿ ಕ್ಷಯವಿತ್ತು. ಗಿರಣಿಯ ಊರುಗಳಲ್ಲಿ ಆಗ ಎಲ್ಲೆಲ್ಲೂ ಅದೇ. ಆಕೆ ಕ್ಷಮೆ ಕೇಳಲು ಹೋದಳು. ಅವನು ಏನಂದನಂತೆ ಗೊತ್ತೇ? 'ನಿನ್ನ ಮಗಳೂ ಇದೇ ಕೆಲಸ ಕಲಿಯುತ್ತಿದ್ದಾಳಲ್ಲ, ಅವಳನ್ನು ಕರಕೊಂಡು ಬಾ, ನನ್ನ ಬೆನ್ನು ಮುಟ್ಟಿ ನೋಡಲಿ.' ಭಾನುವಾರ ಭಾನುವಾರ ಆ ವರಾಂಡದಲ್ಲಿ ಕೂತು ಅವನು ಅಂಗಿ ಬಿಚ್ಚುತ್ತಿದ್ದ. ನನ್ನ ಅಜ್ಜಿ ಕಲಿತದ್ದು ಆ ಬೆನ್ನಿನ ಮೇಲೆ. ನನಗೆ ಅಜ್ಜಿ ಹೀಗೆ ಕಲಿಸಿದಳು."

ಅವರು ನನ್ನ ಕೈಯನ್ನು ಹಿಡಿದು ಮುಷ್ಟಿ ಮಾಡಿಸಿ, ತಮ್ಮ ಬೆರಳನ್ನು ಗೆಣ್ಣುಗಳ ಮೇಲೆ ನಿಧಾನವಾಗಿ ಓಡಿಸಿದರು. ನಡುವಿನ ಗೆಣ್ಣಿನ ಮೇಲೆ ನಿಲ್ಲಿಸಿದರು.

"ಸಾಲಿನಲ್ಲಿ ಒಂದು ಹೀಗೆ ಎದ್ದು ನಿಂತಿರುತ್ತದೆ. ತಟ್ಟಿದರೆ ನೋಯುತ್ತದೆ. ಅಲ್ಲಿಂದ ಕೈ ತೆಗೆ ಎನ್ನುತ್ತಿದ್ದಳು ಅಜ್ಜಿ. ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತಿದ್ದಳು. ನಾನು ಡಾಕ್ಟರಾಗಿ ಇಷ್ಟು ವರ್ಷವಾಯಿತು, ಆ ಎಲುಬು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅಜ್ಜಿ ಸುಮ್ಮನೆ ಹೆದರಿಸಿದಳು ಅಂದುಕೊಂಡಿದ್ದೆ. ನೀವು ಬಂದಿರಿ."

"ಅವನ ಹೆಸರೇನು?" ಎಂದು ಕೇಳಿದೆ.

"ಗೊತ್ತಿಲ್ಲ" ಎಂದರು. "ಮನೆಯಲ್ಲಿ ಎಲ್ಲರೂ ಅವನನ್ನು ಪ್ರೊಫೆಸರ್ ಎನ್ನುತ್ತಿದ್ದರು."

ಅಂದು ಮನೆಗೆ ಬಂದು ಮಲಗಿದಾಗ ಆ ಮನುಷ್ಯನ ವಿಚಾರ ಬಿಡಲಿಲ್ಲ. ಅವನು ನಡೆದಿದ್ದರೆ ನನ್ನ ಬೆನ್ನು ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಅವನ ಕಾಲುಗಳ ಋಣ ನನ್ನ ಕಾಲುಗಳ ಮೇಲಿತ್ತು, ಅವುಗಳಿಗೆ ಮಾತ್ರ ಅದರ ಅರಿವಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಸುಮಂಗಲಾ ಹೊದಿಕೆ ಸರಿಸಿ, "ಅಲ್ಲಾಡಸ್ರಿ" ಎನ್ನುತ್ತಿದ್ದಳು. ನಾನು ಪೂರ್ತಿ ಬಲ ಹಾಕಿ, ಮುಖ ಕೆಂಪಗೆ ಮಾಡಿಕೊಂಡು, ಹೆಬ್ಬೆರಳಿಗೆ ಅಪ್ಪಣೆ ಕೊಡುತ್ತಿದ್ದೆ. ಸರ್ಕಾರಿ ಕಚೇರಿಯಂತೆ ಅದು ಅರ್ಜಿ ಸ್ವೀಕರಿಸಿ ಸುಮ್ಮನಿರುತ್ತಿತ್ತು.

ಒಂದು ಭಾನುವಾರ ಪಾಟೀಲರು ಬಂದರು. ದರ್ಬಾರನ್ನು ಬಿಟ್ಟು, ಒಬ್ಬರೇ. ಸುಮಂಗಲಾ ಕೊನೆಗೂ ಅವರಿಗೆ ರೋಗದ ನಿಜವಾದ ಹೆಸರು ಹೇಳಿದ್ದಳು. ಹಾಸಿಗೆಯ ಪಕ್ಕ ಕೂತು ನನ್ನ ಕಾಲನ್ನು ತಾವೇ ಪರೀಕ್ಷಿಸಿದರು. ಚಹಾ ಬಂತು. ಅವರು ನನ್ನ ಕಡೆ ನೋಡದೆ ಅವಳ ಕಡೆ ನೋಡಿದರು.

"ವೈನಿ, ಅವತ್ತ ನೀವು ಕೇಳಿದ್ರಿ. ನಾ ನಕ್ಕೆ."

"ಎಲ್ಲಾರೂ ನಕ್ಕಿದ್ರು ಬಿಡ್ರಿ, ಇವರೂ ನಕ್ಕಿದ್ರು."

"ಎಲ್ಲಾರೂ ನಗೋದು ಬ್ಯಾರೆ, ಡಾಕ್ಟರ ನಗೋದು ಬ್ಯಾರೆ." ಚಹಾ ಪೂರ್ತಿ ಕುಡಿಯದೆ ಎದ್ದರು. ಆಮೇಲಿನ ದರ್ಬಾರುಗಳಲ್ಲಿ, ಪರೀಕ್ಷೆ ಊದಿದ್ದವರನ್ನೆಲ್ಲ ಎಬ್ಬಿಸಿ ನಿಲ್ಲಿಸಿ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿದಿರಾ ಎಂದು ಪೊಲೀಸರಂತೆ ವಿಚಾರಿಸತೊಡಗಿದರಂತೆ. ಸೂಸಲಾಕ್ಕೆ ಬರುವವರು ಕೆಲದಿನ ಕಡಿಮೆಯಾದರೆಂದು ಕೇಳಿದೆ. ರೋಗದ ಹೆಸರನ್ನು ನಾನೇ ಕೂಟದವರ ಮುಂದೆ ಹೇಳಿದ ಮೇಲೆ ಮತ್ತೆ ಬಂದರು. ಹೇಳಿದಾಗ ಯಾರೂ ದೂರ ಸರಿಯಲಿಲ್ಲ. ಬದಲಿಗೆ ಮೂರು ಮನೆಯವರು ಬೇರೆಬೇರೆಯಾಗಿ ಫೋನ್ ಮಾಡಿ, "ನಿಮಗೆ ಮಾತ್ರ ಹೇಳ್ತೀನಿ ಅಂಕಲ್, ನಮ್ಮ ಮನೇಲೂ ಒಬ್ಬರಿಗೆ ಇತ್ತು" ಎಂದರು. ಆ ಸೆರಗನ್ನು ನಾವೆಲ್ಲರೂ ಒಟ್ಟಿಗೆ ಬಾಯಿಗೆ ಹಿಡಿದು ಕೂತಿದ್ದೆವು, ಅಷ್ಟೆ.

ಶಸ್ತ್ರವೈದ್ಯರ ಗಡುವು ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಸುಮಂಗಲಾ ಎಂದಿನಂತೆ "ಅಲ್ಲಾಡಸ್ರಿ" ಎಂದಳು. ನಾನು ಎಂದಿನಂತೆ ಮುಖ ಕೆಂಪಗೆ ಮಾಡಿಕೊಂಡೆ. ಅವಳು ಕಾಲಿನ ಕಡೆ ಬಾಗಿದವಳು ಹಾಗೇ ನಿಂತಳು. "ಇನ್ನೊಮ್ಮೆ" ಎಂದಳು. ಮೇಘನಾಳನ್ನು ಕೂಗಿದಳು. ಅವಳು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಬಂದು ನೋಡಿದಳು. ಹೆಬ್ಬೆರಳು, ಕಡತ ವಿಲೇವಾರಿ ಮಾಡುವ ಗುಮಾಸ್ತನ ವೇಗದಲ್ಲಿ, ಒಂದಿಷ್ಟು ಮೇಲೆದ್ದು ಕೆಳಗಿಳಿಯಿತು. ನಾನಂದು ಬಿಳಿ ಅಂಗಿ ತೊಟ್ಟಿದ್ದೆ. ಕಲೆ ಹೋಗಲಿಲ್ಲ.

ಕೊಯ್ಯುವುದು ತಪ್ಪಿತು. ಮಾತ್ರೆ ಮಾತ್ರ ವರ್ಷದ ತನಕ ನಡೆಯಿತು. ವಾಕರ್ ಹೋಗಿ ಕೋಲು ಬಂತು, ಕೋಲು ಹೋಗಿ ಸುಮಂಗಲಾಳ ಮೊಣಕೈ ಬಂತು. ಅವಳು ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸಿ, ನೆಲದಲ್ಲಿ ಬಿರುಕಿದೆಯೇ, ಒದ್ದೆಯಿದೆಯೇ ಎಂದು ನೋಡುತ್ತಾ, ಮದುವೆಯಾದಾಗಿನಿಂದ ನಾನು ಕೇಳದ ಮೆದು ದನಿಯಲ್ಲಿ "ಸಾವಕಾಶ, ಸಾವಕಾಶ" ಎನ್ನುತ್ತಿದ್ದಳು. ಮದುವೆಯಾದಾಗಿನಿಂದ ನನಗೆ ಅಷ್ಟು ಭಯವಾದದ್ದೂ ಇಲ್ಲ. ರೋಗದ ಬಗ್ಗೆ ಡಾಕ್ಟರುಗಳು ಏನೇ ಹೇಳಲಿ, ನನ್ನ ಪಾಲಿನ ವರದಿ ಆ ದನಿಯಲ್ಲಿರುತ್ತಿತ್ತು, ಅದು ತಿಂಗಳುಗಟ್ಟಲೆ ಬದಲಾಗಲಿಲ್ಲ.

ಮಾತ್ರೆಗಳೆಲ್ಲ ಮುಗಿದ ಮೇಲೆ ಒಂದು ಶನಿವಾರ ನಾರ್‌ಕ್ರಾಸ್‌ನ ಅಂಗಡಿಗೆ ಹೋದೆವು. ಬಿಸಿಲು ಕಾದ ಪಾರ್ಕಿಂಗ್ ಲಾಟು, ಎಲ್ಲೋ ದೂರದಲ್ಲಿ ಜಾಗ ಸಿಕ್ಕಿತು. ಕಾರಿನಿಂದಿಳಿದು ನಾನು ಅಭ್ಯಾಸದಂತೆ ಮೊಣಕೈಗಾಗಿ ಕೈ ಚಾಚಿದೆ. ಅಲ್ಲಿ ಮೊಣಕೈ ಇರಲಿಲ್ಲ. ಜೋಳದ ಹಿಟ್ಟು ಬಂದಿದೆ ಎಂದು ಯಾರೋ ಹೇಳಿದ್ದರು. ಅವಳು ಚೀಲ ಬಗಲಿಗೇರಿಸಿ, ಹಿಂದೆ ತಿರುಗಿಯೂ ನೋಡದೆ ಅರ್ಧ ದಾರಿ ಹೋಗಿಬಿಟ್ಟಿದ್ದಳು. ನಾನು ಒಬ್ಬನೇ ಕಾರುಗಳ ನಡುವೆ ನಿಂತೆ. ಆಮೇಲೆ ಹೊರಟೆ. ಒಂದು ಕಾಲು, ಇನ್ನೊಂದು ಕಾಲು.

ಅಂಗಡಿಯ ಬಾಗಿಲಲ್ಲಿ ಅವಳು ತಿರುಗಿದಳು.

"ಏನ್ರೀ ಅದು, ಮದುವಿ ಮೆರವಣಿಗಿ ಬಂದಂಗ ಬರ್ತೀರಲ್ಲ! ಲಗೂ ಬರ್ರಿ, ಹಿಟ್ಟು ಖಾಲಿ ಆಗ್ತದ!"

"ಬಂದೆ" ಎಂದೆ.